ಬೀಡಿ ಕಟ್ಟುವ ಮನೆ ಮತ್ತು ವೃತ್ತಿ ಸಂಕೇತ 751: ಒಂದು ಪ್ರಕರಣ ಅಧ್ಯಯನ

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರ ಏಪ್ರಿಲ್‌ನಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ತಾನು ಭೇಟಿ ಕೊಟ್ಟ ಮನೆಗಳಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಮೂರಂಕಿಯ ವೃತ್ತಿ ಸಂಕೇತವೊಂದನ್ನು ಕೊಡುತ್ತದೆ. ದೇಶದಲ್ಲಿ ಶಿಕ್ಷಕರ ಪಾಲೆಷ್ಟು, ಗಾರೆ ಕೆಲಸದವರ ಪಾಲೆಷ್ಟು, ವಾಹನ ಚಾಲಕರ ಪಾಲೆಷ್ಟು ಎಂದು ಹೇಳುವ ಕೋಷ್ಟಕಗಳೆಲ್ಲ ಈ ಮೂರು ಅಂಕಿಗಳಿಂದ ಹುಟ್ಟುತ್ತವೆ. ಸಂಕೇತ ಕೊಡುವ ಕೆಲಸ ಹೊರನೋಟಕ್ಕೆ ಸರಳ. ಕೆಲಸವನ್ನು ಕೇಳಿ ತಿಳಿದು, ಪಟ್ಟಿಯಲ್ಲಿ ಹುಡುಕಿ, ಅಂಕಿ ಬರೆದರೆ ಆಯಿತು. ಆದರೆ ಮನೆಯಲ್ಲಿಯೇ ಕುಳಿತು ದುಡಿಯುವ ಹೆಂಗಸಿನ ಮಟ್ಟಿಗೆ ಆ ಅಂಕಿ ಬೀಳುತ್ತದೋ ಇಲ್ಲವೋ, ಬಿದ್ದರೆ ಯಾವ ಸಾಲಿನಲ್ಲಿ ಬೀಳುತ್ತದೆ ಎಂಬುದು ವೃತ್ತಿಗಳ ಪಟ್ಟಿಯನ್ನು ತೆರೆಯುವ ಮೊದಲೇ, ಅದಕ್ಕಿಂತ ಹಿಂದಿನ ಎರಡು ಮೂರು ಪ್ರಶ್ನೆಗಳಲ್ಲಿ ನಿಶ್ಚಯವಾಗಿಬಿಡುತ್ತದೆ. ಇದನ್ನು ಒಂದು ಮನೆಯ ಉದಾಹರಣೆಯಿಂದ ಹಂತ ಹಂತವಾಗಿ ನೋಡುವುದು ಈ ಬರಹದ ಉದ್ದೇಶ.

ಮನೆ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನದು ಎಂದು ಇಟ್ಟುಕೊಳ್ಳೋಣ. ಇದು ಯಾವುದೋ ಒಂದು ನಿಜವಾದ ಕುಟುಂಬದ ವಿವರವಲ್ಲ. ಆ ಭಾಗದಲ್ಲಿ ಸಾಮಾನ್ಯವಾಗಿರುವ ಸಂಗತಿಗಳನ್ನು ಕೂಡಿಸಿ ಅಧ್ಯಯನಕ್ಕೆಂದು ಕಟ್ಟಿಕೊಂಡ ಮನೆ. ಮಾವ, ಅತ್ತೆ, ಮಗ, ಸೊಸೆ, ಪದವಿ ಓದುತ್ತಿರುವ ಅವರ ಮಗಳು ಹೀಗೆ ಐವರಿದ್ದಾರೆ. ಮಗ ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಕೂಲಿ. ಸೊಸೆ ಬೀಡಿ ಕಟ್ಟುತ್ತಾರೆ. ಹಟ್ಟಿಯಲ್ಲಿ ಒಂದು ಹಸುವಿದೆ. ಬೆಳಗಿನ ಹಾಲು ಸೊಸೈಟಿಗೆ ಹೋಗುತ್ತದೆ.

ಬೀಡಿಯ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಬೀಡಿ ಕಂಪನಿಯ ಪರವಾಗಿ ಕೆಲಸ ಹಂಚುವ ಬ್ರಾಂಚಿನಿಂದ ಎಲೆ, ತಂಬಾಕು ಮತ್ತು ನೂಲನ್ನು ತೂಕ ಮಾಡಿ ಕೊಡುತ್ತಾರೆ. ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆದುವಾಗಿಸಬೇಕು. ಮೆದುವಾದ ಎಲೆಯ ಮೇಲೆ ಅಳತೆಯ ತಗಡನ್ನಿಟ್ಟು ಕತ್ತರಿಯಿಂದ ಆಯತಾಕಾರಕ್ಕೆ ಕತ್ತರಿಸುವುದು ಅತ್ತೆಯ ಪಾಲಿನ ಕೆಲಸ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ ಸೊಸೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ, ಎಲೆಗೆ ತಂಬಾಕು ತುಂಬಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದು ಕತ್ತಲಾಗುವವರೆಗೂ ನಡೆಯುತ್ತದೆ. ನಡುವೆ ಹಸುವಿಗೆ ಹುಲ್ಲು, ಮಾವನಿಗೆ ಚಹಾ, ಒಲೆ. ಕಾಲೇಜಿನಿಂದ ಬಂದ ಮಗಳು ರಾತ್ರಿ ಊಟದವರೆಗೆ ಜೊತೆಗೆ ಕೂರುತ್ತಾಳೆ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದಾಗ ಅಲ್ಲಿ ಪರೀಕ್ಷಿಸಿ, ಸರಿಯಿಲ್ಲದ್ದನ್ನು ತೆಗೆದುಹಾಕಿ, ಉಳಿದದ್ದನ್ನು ಸೊಸೆಯ ಹೆಸರಿನ ಪುಸ್ತಕದಲ್ಲಿ ಬರೆಯುತ್ತಾರೆ. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಸಿಗುತ್ತದೆ. ಅತ್ತೆಯ ಹೆಸರಾಗಲಿ ಮಗಳ ಹೆಸರಾಗಲಿ ಆ ಪುಸ್ತಕದಲ್ಲಿಲ್ಲ.

ಮೊದಲ ಪ್ರಶ್ನೆ: ಇವರು ದುಡಿಯುವವರೇ?

ಸಮೀಕ್ಷಕರು ಬಂದಾಗ ಜಗಲಿಯಲ್ಲಿ ಸಿಗುವುದು ಮಾವ. ಮನೆಯ ಎಲ್ಲರ ಪರವಾಗಿ ಒಬ್ಬರೇ ಉತ್ತರ ಕೊಡುವುದು ಇಂಥ ಸಮೀಕ್ಷೆಗಳಲ್ಲಿ ಅಪರೂಪವಲ್ಲ. “ಸೊಸೆ ಏನು ಕೆಲಸ ಮಾಡುತ್ತಾರೆ?” ಎಂದರೆ “ಕೆಲಸ ಎಂತದೂ ಇಲ್ಲ, ಮನೆಯಲ್ಲೇ ಇರುವುದು” ಎಂಬ ಉತ್ತರ ಬರುತ್ತದೆ. ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಕೆಲಸವೆಂದರೆ ಹೊರಗೆ ಹೋಗಿ ಮಾಡುವಂಥದ್ದು, ಬೀಡಿಯಾದರೋ ಊರಿನ ಎಷ್ಟೋ ಮನೆಗಳಲ್ಲಿ ಇರುವಂಥದ್ದು ಎಂಬ ತಿಳಿವಳಿಕೆಯಿಂದ ಬಂದ ಮಾತು ಅದು. ಸಮೀಕ್ಷಕರು ಅಷ್ಟಕ್ಕೇ ನಿಲ್ಲಿಸಿದರೆ ಸೊಸೆಯ ಸಾಲಿನಲ್ಲಿ, ವ್ಯಕ್ತಿ ದುಡಿಯುತ್ತಾರೋ ಇಲ್ಲವೋ, ದುಡಿದರೆ ಯಾವ ಬಗೆಯಲ್ಲಿ ಎಂದು ಹೇಳುವ ಸ್ಥಿತಿ ಸಂಕೇತವಾಗಿ 92 ಬೀಳುತ್ತದೆ: ಮನೆವಾರ್ತೆ ಮಾತ್ರ ನೋಡಿಕೊಳ್ಳುವವರು. 92 ಬಿದ್ದವರಿಗೆ ವೃತ್ತಿ ಸಂಕೇತದ ಅಂಕಣ ಖಾಲಿ. “ಬೀಡಿ ಕಟ್ಟುವುದುಂಟೋ?” ಎಂದು ಬಿಡಿಸಿ ಕೇಳಿದರೆ “ಅದು ಉಂಟು, ಅವಳೇ ಕಟ್ಟುವುದು, ದಿನಾ ಕಟ್ಟುತ್ತಾಳೆ” ಎನ್ನುತ್ತಾರೆ. ಬಿಡಿಸಿ ಕೇಳುವುದು ಸಮೀಕ್ಷಕರ ತರಬೇತಿಯ ಭಾಗ ಎನ್ನುವುದು ನಿಜ. ಆದರೆ ಏನನ್ನು ಬಿಡಿಸಿ ಕೇಳಬೇಕೆಂಬುದು ಆ ಊರಿನ ಕೆಲಸಗಳನ್ನು ಬಲ್ಲವರಿಗೆ ಮಾತ್ರ ಹೊಳೆಯುತ್ತದೆ. ಕರಾವಳಿಯಲ್ಲಿ ಬೀಡಿಯನ್ನು ಹೆಸರು ಹಿಡಿದು ಕೇಳಬೇಕು. ಬೇರೊಂದು ಸೀಮೆಯಲ್ಲಿ ಊದುಬತ್ತಿಯನ್ನೋ ಹೂ ಕಟ್ಟುವುದನ್ನೋ ಕೇಳಬೇಕು.

ಬೀಡಿಯ ಮಾತು ಹೊರಬಂದ ಮೇಲೂ ದಾರಿ ಒಂದೇ ಅಲ್ಲ. ನಮ್ಮ ಸಮೀಕ್ಷೆಗಳ ಮೂಲ ಪರಿಕಲ್ಪನೆಗಳು ನಿರುದ್ಯೋಗದ ಅಂದಾಜುಗಳನ್ನು ಪರಿಶೀಲಿಸಲು ನೇಮಿಸಿದ್ದ ದಾಂತ್ವಾಲಾ ಸಮಿತಿ 1970ರಲ್ಲಿ ಕೊಟ್ಟ ವರದಿಯಿಂದ ಬಂದವು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 1972-73ರ 27ನೇ ಸುತ್ತಿನಿಂದ ಅವು ಬಳಕೆಯಲ್ಲಿವೆ. ಅವುಗಳಲ್ಲಿ ಒಂದು ‘ಸಾಮಾನ್ಯ ಸ್ಥಿತಿ’. ಹಿಂದಿನ 365 ದಿನಗಳಲ್ಲಿ ವ್ಯಕ್ತಿ ಹೆಚ್ಚು ಕಾಲ ಯಾವ ಚಟುವಟಿಕೆಯಲ್ಲಿ ಕಳೆದರೋ ಅದು ಅವರ ಪ್ರಧಾನ ಸ್ಥಿತಿ. ಅದರ ಜೊತೆಗೆ 30 ದಿನಕ್ಕೆ ಕಡಿಮೆಯಿಲ್ಲದಂತೆ ಇನ್ನೊಂದು ಆರ್ಥಿಕ ಕೆಲಸ ಮಾಡಿದ್ದರೆ ಅದು ಉಪ ಸ್ಥಿತಿ. ಇನ್ನೊಂದು ಪರಿಕಲ್ಪನೆ ‘ವಾರದ ಸ್ಥಿತಿ’. ಹಿಂದಿನ ಏಳು ದಿನಗಳಲ್ಲಿ ಒಂದು ದಿನ ಒಂದು ಗಂಟೆಯಾದರೂ ದುಡಿದಿದ್ದರೆ ಆ ವಾರದ ಮಟ್ಟಿಗೆ ವ್ಯಕ್ತಿ ಉದ್ಯೋಗದಲ್ಲಿದ್ದಂತೆ.

ವಾರದ ಲೆಕ್ಕದಲ್ಲಿ ನಮ್ಮ ಪ್ರಕರಣ ತಕರಾರಿಲ್ಲದೆ ಮುಗಿಯುತ್ತದೆ: ಸೊಸೆ ದುಡಿಯುವವರು. ವರ್ಷದ ಲೆಕ್ಕದಲ್ಲಿ ಹಾಗಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ಬೀಡಿ, ಏಳೆಂಟು ಗಂಟೆ ಅಡುಗೆ, ನೀರು, ಬಟ್ಟೆ, ವಯಸ್ಸಾದವರ ಆರೈಕೆ. ಎರಡೂ ವರ್ಷವಿಡೀ ಒಟ್ಟೊಟ್ಟಿಗೆ ನಡೆಯುತ್ತವೆ. ಕಾಲದ ಅಳತೆಯನ್ನು ಕಟ್ಟುನಿಟ್ಟಾಗಿ ಹಿಡಿದರೆ ಮನೆವಾರ್ತೆ ಪ್ರಧಾನ, ಬೀಡಿ ಉಪ. ಬದಲಿಗೆ “ವರ್ಷದಲ್ಲಿ ಎಷ್ಟು ತಿಂಗಳು ಬೀಡಿ ಕಟ್ಟುತ್ತೀರಿ?” ಎಂದು ಕೇಳಿದರೆ, “ಹನ್ನೆರಡು ತಿಂಗಳೂ” ಎಂಬ ಉತ್ತರದ ಮೇಲೆ ಬೀಡಿಯೇ ಪ್ರಧಾನವಾಗಿ ಬರೆದುಕೊಳ್ಳುವ ಸಂಭವವಿದೆ. ಪ್ರಧಾನ ಮತ್ತು ಉಪ ಎರಡನ್ನೂ ಸೇರಿಸಿ ಪ್ರಕಟಿಸುವ ಕೋಷ್ಟಕಗಳಲ್ಲಿ ಸೊಸೆ ಹೇಗಾದರೂ ಒಳಗೆ ಬರುತ್ತಾರೆ, ಬೀಡಿಯ ವೃತ್ತಿ ಸಂಕೇತವೂ ಬರುತ್ತದೆ. ಪ್ರಧಾನ ಸ್ಥಿತಿಯನ್ನಷ್ಟೇ ನೋಡುವ ಕೋಷ್ಟಕದಲ್ಲಿ ಅವರು ಇಲ್ಲ. 15 ವರ್ಷ ದಾಟಿದ ಮಹಿಳೆಯರ ಶ್ರಮಶಕ್ತಿ ಭಾಗವಹಿಸುವಿಕೆ, ಅಂದರೆ ದುಡಿಯುತ್ತಿರುವ ಇಲ್ಲವೇ ಕೆಲಸ ಹುಡುಕುತ್ತಿರುವವರ ಪಾಲು, 2017-18ರಲ್ಲಿ ಶೇ 23.3 ಇದ್ದದ್ದು 2023-24ರಲ್ಲಿ ಶೇ 41.7ಕ್ಕೆ ಏರಿದೆ ಎನ್ನುವಾಗ ಹೇಳುತ್ತಿರುವುದು ಎರಡನ್ನೂ ಸೇರಿಸಿದ ಲೆಕ್ಕ. ಆ ಏರಿಕೆಯನ್ನು ಕುರಿತು ಮಾತಾಡುವ ಯಾರೇ ಆಗಲಿ, ಇಂಥ ಒಂದು ಮನೆಯ ಜಗಲಿಯಲ್ಲಿ ನಡೆಯುವ ಪ್ರಶ್ನೋತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ನನಗನಿಸುತ್ತದೆ.

ಹಸುವಿನ ವಿಷಯವೂ ಇಲ್ಲಿ ಸೇರುತ್ತದೆ. ಹಾಲು ಮಾರಿದರೂ, ಮನೆಗೇ ಬಳಸಿದರೂ ಹಸು ಸಾಕುವುದು ಪ್ರಾಥಮಿಕ ಉತ್ಪಾದನೆಯಾದ್ದರಿಂದ ಸಮೀಕ್ಷೆ ಅದನ್ನು ಆರ್ಥಿಕ ಚಟುವಟಿಕೆಯಾಗಿ ಒಪ್ಪುತ್ತದೆ. ಅದೇ ಹೆಂಗಸು ಸೌದೆ ತಂದರೆ, ಮನೆಯವರಿಗೆ ಬಟ್ಟೆ ಹೊಲಿದರೆ ಅದು 93ನೇ ಸಂಕೇತಕ್ಕೆ, ಅಂದರೆ ಶ್ರಮಶಕ್ತಿಯ ಹೊರಗಿನ ಸಾಲಿಗೆ ಹೋಗುತ್ತದೆ. ಹಸು ನೋಡಿಕೊಳ್ಳುವ ಹೊತ್ತು ಬೀಡಿಯ ಹೊತ್ತನ್ನು ಮೀರಿದ ವರ್ಷ ಸೊಸೆಯ ವೃತ್ತಿ ಸಂಕೇತ 612, ಪಶುಪಾಲಕರ ಗುಂಪಿನದು ಆಗಬಹುದು.

ಮೊರ ಒಂದು, ಸ್ಥಿತಿ ಮೂರು

ಸೊಸೆ ದುಡಿಯುವವರೆಂದು ನಿರ್ಧಾರವಾದ ಮೇಲೆ, ಯಾವ ಬಗೆಯ ದುಡಿಮೆ ಎಂಬ ಪ್ರಶ್ನೆ. ಸ್ವಂತ ಲೆಕ್ಕದಲ್ಲಿ ದುಡಿಯುವವರಿಗೆ 11, ಮಾಲೀಕರಿಗೆ 12, ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ನೆರವಾಗುವವರಿಗೆ 21, ಕಾಯಂ ಸಂಬಳದವರಿಗೆ 31, ಸಾಮಾನ್ಯ ಕೂಲಿಯವರಿಗೆ 51. ಕಚ್ಚಾ ಮಾಲನ್ನು ಬೇರೆಯವರಿಂದ ಪಡೆದು, ತಮ್ಮ ಮನೆಯಲ್ಲಿಯೇ ಕುಳಿತು, ಎಣಿಕೆಯ ಮೇಲೆ ಮಜೂರಿ ಪಡೆಯುವವರನ್ನು ನಮ್ಮ ಸಮೀಕ್ಷೆಯ ಸೂಚನೆಗಳು ಸ್ವ ಉದ್ಯೋಗಿಗಳ ಗುಂಪಿನಲ್ಲಿ ಇರಿಸುತ್ತವೆ. ಎಲ್ಲಿ, ಯಾವಾಗ, ಹೇಗೆ ಕೆಲಸ ಮಾಡಬೇಕೆಂಬುದು ಅವರ ಕೈಯಲ್ಲಿದೆ ಎಂಬುದು ಅದಕ್ಕೆ ಕೊಡುವ ಕಾರಣ. ಆದ್ದರಿಂದ ಸೊಸೆಗೆ 11. ಎಲೆ ಕತ್ತರಿಸುವ ಅತ್ತೆ ಮತ್ತು ಸಂಜೆ ಜೊತೆಗೂಡುವ ಮಗಳು 21ಕ್ಕೆ ಸೇರಬೇಕಾದವರು, ಆದರೆ ಉಪ ಸ್ಥಿತಿಯಲ್ಲಿ ಮಾತ್ರ. ಮಗಳ ಪ್ರಧಾನ ಸ್ಥಿತಿ 91, ವಿದ್ಯಾರ್ಥಿ. ಅತ್ತೆಗೆ ವೃದ್ಧಾಪ್ಯ ಪಿಂಚಣಿ ಬರುತ್ತಿದ್ದರೆ 94. ಒಂದೇ ಮೊರದ ಬೀಡಿಯ ಹಿಂದಿರುವ ಮೂವರು ಹೀಗೆ ಮೂರು ಕಡೆ ಹಂಚಿಹೋಗುತ್ತಾರೆ. ಇದರಲ್ಲಿ ನಿಯಮ ಮೀರಿದ್ದೇನೂ ಇಲ್ಲ. ಅತ್ತೆಯ ಮತ್ತು ಮಗಳ ದುಡಿಮೆಯನ್ನು ಯಾರಾದರೂ ಕೇಳಿದರೆ ಮಾತ್ರ ದಾಖಲಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ನನಗೆ ಒಪ್ಪಿಗೆಯಾಗದಿರುವುದು ಆ 11. ಬೀಡಿ ಮತ್ತು ಸಿಗಾರ್ ಕೆಲಸಗಾರರ 1966ರ ಕಾಯ್ದೆ, ಮಾಲೀಕನಿಂದಲೋ ಗುತ್ತಿಗೆದಾರನಿಂದಲೋ ಕಚ್ಚಾ ಮಾಲು ಪಡೆದು ಮನೆಯಲ್ಲಿ ಬೀಡಿ ಮಾಡುವವರನ್ನು ‘ಉದ್ಯೋಗಿ’ ಎಂಬುದರ ವ್ಯಾಖ್ಯೆಯೊಳಗೇ ಸ್ಪಷ್ಟವಾಗಿ ಸೇರಿಸಿತ್ತು. ಆ ಕಾಯ್ದೆಯನ್ನು ಪ್ರಶ್ನಿಸಿ ಮಂಗಳೂರಿನ ಬೀಡಿ ಉದ್ದಿಮೆಯೇ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಅದಾದ ಮೇಲಿನ ಇನ್ನೊಂದು ತೀರ್ಪಿನಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೆ ಭವಿಷ್ಯನಿಧಿಯೂ ಅನ್ವಯಿಸುತ್ತದೆಂದು ಹೇಳಿತು. ಎಂದರೆ ಕಾನೂನು ಈ ಹೆಂಗಸನ್ನು ದಶಕಗಳಿಂದ ನೌಕರಳೆಂದು ಕಂಡಿದೆ, ಸಮೀಕ್ಷೆ ಸ್ವಂತ ಉದ್ಯಮದ ಒಡತಿಯೆಂದು ಕಾಣುತ್ತಿದೆ. ವ್ಯತ್ಯಾಸ ಹೆಸರಿನದಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಪಿಎಲ್‌ಎಫ್‌ಎಸ್‌ನಲ್ಲಿ ಕೆಲಸದ ಕರಾರು, ಸಂಬಳಸಹಿತ ರಜೆ, ಸಾಮಾಜಿಕ ಭದ್ರತೆ ಇವನ್ನು ಕುರಿತ ಪ್ರಶ್ನೆಗಳು ಇನ್ನೊಬ್ಬರ ಕೈಕೆಳಗೆ ದುಡಿಯುವವರಿಗೆಂದು ಇರುವಂಥವು. 11 ಬಿದ್ದ ತಕ್ಷಣ ಭವಿಷ್ಯನಿಧಿಯ ಪ್ರಶ್ನೆ ಸೊಸೆಯ ಹತ್ತಿರ ಬರುವುದಿಲ್ಲ, ಅವರ ಹೆಸರಿನಲ್ಲಿ ಖಾತೆ ಇದ್ದರೂ ಸರಿ. ಅವರ ಮಜೂರಿ, ಹಿಂದಿನ 30 ದಿನಗಳ ಸ್ವ ಉದ್ಯೋಗದ ಗಳಿಕೆಯೆಂದು ಅಂಗಡಿಯವರ, ರೈತರ ಗಳಿಕೆಯ ಜೊತೆ ಸೇರುತ್ತದೆ.

ಜಗತ್ತಿನ ಮಟ್ಟದಲ್ಲಿ ಈ ತೊಡಕಿಗೆ ಒಂದು ಪರಿಹಾರ ಆಗಲೇ ಸಿದ್ಧವಾಗಿದೆ. ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ 20ನೇ ಅಂತಾರಾಷ್ಟ್ರೀಯ ಸಮ್ಮೇಳನ 2018ರಲ್ಲಿ ಜಿನೀವಾದಲ್ಲಿ ಒಪ್ಪಿದ ಹೊಸ ವರ್ಗೀಕರಣದಲ್ಲಿ ‘ಅವಲಂಬಿತ ಗುತ್ತಿಗೆ ದುಡಿಮೆಗಾರರು’ ಎಂಬ ಪ್ರತ್ಯೇಕ ವರ್ಗವಿದೆ. ಹೆಸರಿಗೆ ಸ್ವತಂತ್ರರು, ಆದರೆ ಕೆಲಸಕ್ಕೂ ಮಾರುಕಟ್ಟೆಗೂ ಬೆಲೆಗೂ ಇನ್ನೊಂದು ಉದ್ದಿಮೆಯನ್ನೇ ನಂಬಿರುವವರು ಎಂಬುದು ಅದರ ಸಾರಾಂಶ. ಎಲೆಯ ತೂಕದಿಂದ ಹಿಡಿದು ಸಾವಿರದ ದರದವರೆಗೆ ಎಲ್ಲವೂ ಬ್ರಾಂಚಿನಲ್ಲಿ ನಿಶ್ಚಯವಾಗುವ ಬೀಡಿಯ ಕೆಲಸಕ್ಕೆ ಇದಕ್ಕಿಂತ ಸರಿಯಾಗಿ ಹೊಂದುವ ವಿವರಣೆ ಸಿಗದು.

ಕೊನೆಗೆ, ವೃತ್ತಿ ಸಂಕೇತ

ಭಾರತದ ವೃತ್ತಿಗಳ ಅಧಿಕೃತ ಪಟ್ಟಿಯಾದ ರಾಷ್ಟ್ರೀಯ ವೃತ್ತಿ ವರ್ಗೀಕರಣವನ್ನು ಕೇಂದ್ರ ಕಾರ್ಮಿಕ ಸಚಿವಾಲಯ ಸಿದ್ಧಪಡಿಸುತ್ತದೆ. ಅದರ 1968ರ, 2004ರ ಮತ್ತು 2015ರ ಆವೃತ್ತಿಗಳು ಸಮೀಕ್ಷೆಗಳಲ್ಲಿ ಬಳಕೆಯಾಗಿವೆ. 2015ರದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವರ್ಗೀಕರಣವನ್ನು ಅನುಸರಿಸುತ್ತದೆ. ವ್ಯವಸ್ಥಾಪಕರಿಂದ ಹಿಡಿದು ಸರಳ ದೈಹಿಕ ಕೆಲಸದವರೆಗೆ 1ರಿಂದ 9ರ ವಿಭಾಗಗಳು. ಕೆಳಗಿಳಿದಂತೆ ಎರಡಂಕಿ, ಮೂರಂಕಿ, ನಾಲ್ಕಂಕಿಯ ಗುಂಪುಗಳು; ಪೂರ್ಣ ಪಟ್ಟಿಯಲ್ಲಿ ಎಂಟಂಕಿಯ ಸಂಕೇತ. ಈ ಪಟ್ಟಿಗೆ ಬೇಕಿರುವುದು ವ್ಯಕ್ತಿ ನಿಜಕ್ಕೂ ಮಾಡುವ ಕೆಲಸ ಮಾತ್ರ. ಯಾರ ಕೈಕೆಳಗೆ ಎಂಬುದನ್ನು ಸ್ಥಿತಿ ಸಂಕೇತವೂ, ಎಂಥ ಉದ್ದಿಮೆಯಲ್ಲಿ ಎಂಬುದನ್ನು ಉದ್ದಿಮೆಗಳ ವರ್ಗೀಕರಣವೂ ಹೇಳುತ್ತವೆ. ಬೀಡಿ ಕಂಪನಿಯ ಗುಮಾಸ್ತ, ಅದರ ಲಾರಿ ಚಾಲಕ, ಅದಕ್ಕೆ ಬೀಡಿ ಕಟ್ಟುವ ಹೆಂಗಸು ಮೂವರೂ ಒಂದೇ ಉದ್ದಿಮೆಯವರು, ಮೂರು ವೃತ್ತಿಯವರು.

ಸೊಸೆ ಬೀಡಿ ಕಟ್ಟುವುದಲ್ಲದೆ ಅದನ್ನು ಬ್ರಾಂಚಿಗೆ ಹೊತ್ತು ಒಯ್ಯುತ್ತಾರೆ, ಲೆಕ್ಕ ನೋಡಿಕೊಳ್ಳುತ್ತಾರೆ. ಒಬ್ಬರೇ ಹಲವು ಕೆಲಸ ಮಾಡುವಾಗ ಹೆಚ್ಚಿನ ಕೌಶಲ ಬೇಡುವ ಕೆಲಸಕ್ಕೂ, ಸಾಗಣೆ ಮಾರಾಟಗಳಿಗಿಂತ ತಯಾರಿಕೆಯ ಕೆಲಸಕ್ಕೂ ಆದ್ಯತೆ ಎಂಬುದು ನಿಯಮ. ಹಾಗಾಗಿ ಗೊಂದಲವಿಲ್ಲ: 7ನೇ ವಿಭಾಗ, ಕುಶಲಕರ್ಮಿಗಳದು, ಅದರಲ್ಲಿ 7516, ತಂಬಾಕು ಹದಗೊಳಿಸುವವರು ಮತ್ತು ತಂಬಾಕಿನ ಪದಾರ್ಥ ತಯಾರಿಸುವವರು. ಸಮೀಕ್ಷೆ ಮೂರಂಕಿಗೆ ನಿಲ್ಲುವುದರಿಂದ ನಮೂನೆಯಲ್ಲಿ ಬೀಳುವುದು 751. ಆ ಗುಂಪಿನ ಹೆಸರು ಆಹಾರ ಸಂಸ್ಕರಣೆ ಮತ್ತು ಸಂಬಂಧಿತ ಕುಶಲಕರ್ಮಿಗಳು. 7511 ಮಾಂಸ ಮತ್ತು ಮೀನು ಕತ್ತರಿಸಿ ಹದಮಾಡುವವರು, 7512 ಬೇಕರಿಯವರು ಮತ್ತು ಮಿಠಾಯಿ ಮಾಡುವವರು, 7513 ಹಾಲಿನ ಪದಾರ್ಥ ತಯಾರಿಸುವವರು, 7514 ಹಣ್ಣು ತರಕಾರಿ ಸಂರಕ್ಷಿಸುವವರು ಎಲ್ಲರೂ ಅದೇ 751. ಬಂಟ್ವಾಳದ ಬೀಡಿಯ ಮನೆ ಮತ್ತು ಬೆಂಗಳೂರಿನ ಬೇಕರಿ ಒಂದೇ ಸಾಲಿನ ಒಂದೇ ಸಂಖ್ಯೆಯೊಳಗೆ ಕೂಡಿಹೋಗುತ್ತವೆ. 2004ರ ಆವೃತ್ತಿಯಲ್ಲೂ ಹೀಗೆಯೇ ಇತ್ತು, ಸಂಕೇತ ಮಾತ್ರ 741. ಅದಕ್ಕೂ ಹಿಂದೆ, 2004-05ರ 61ನೇ ಸುತ್ತಿನಲ್ಲೂ ಬಳಕೆಯಲ್ಲಿದ್ದ 1968ರ ಪಟ್ಟಿಯಲ್ಲಿ ತಂಬಾಕಿನ ಕೆಲಸಗಾರರಿಗೆ 78 ಎಂಬ ಪ್ರತ್ಯೇಕ ಎರಡಂಕಿಯ ಗುಂಪೇ ಇತ್ತು. ಪಟ್ಟಿ ಜಗತ್ತಿನ ಅಳತೆಗೆ ಹತ್ತಿರವಾದಂತೆ ನಮ್ಮಲ್ಲಿ ಲಕ್ಷಾಂತರ ಹೆಂಗಸರು ಮಾಡುವ ಒಂದು ಕೆಲಸ ವೃತ್ತಿಯ ಕೋಷ್ಟಕದಲ್ಲಿ ಬಿಡಿಯಾಗಿ ಕಾಣದಂತಾಯಿತು. ಹೋಲಿಕೆಗಾಗಿ ಜಗತ್ತಿನ ಪಟ್ಟಿ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ಕನೇ ಅಂಕಿಯನ್ನೂ ಬರೆದುಕೊಂಡಿದ್ದರೆ ಎರಡೂ ಉಳಿಯುತ್ತಿತ್ತು.

ಇದೇ ಮನೆಯ ಮಗನ ಸಂಕೇತವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು. ತೋಟದ ಯಜಮಾನರು 6ನೇ ವಿಭಾಗದವರು, ಕುಶಲ ಕೃಷಿಕರು. ಕೂಲಿಗೆ ಕೊನೆ ಇಳಿಸುವವರು ಸಾಮಾನ್ಯವಾಗಿ 921, ಕೃಷಿ ಕಾರ್ಮಿಕರು, 9ನೇ ವಿಭಾಗ, ಅತಿ ಕಡಿಮೆ ಕೌಶಲದ ಮಟ್ಟ. ಬಳುಕುವ ಅಡಿಕೆ ಮರದ ತುದಿಯಲ್ಲಿ ಕುಳಿತು, ಇಳಿಯದೆಯೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುವವನ ಕೆಲಸ ಕಲಿಯಲು ವರ್ಷಗಳು ಬೇಕು, ಕಲಿತವರು ಊರಿಗೆ ಕೆಲವರಷ್ಟೇ. ವರ್ಗೀಕರಣದ ಕೌಶಲ ಮಟ್ಟ ಅಳೆಯುವುದು ಕೆಲಸದ ಸಂಕೀರ್ಣತೆ ಮತ್ತು ಅದಕ್ಕೆ ಸಾಮಾನ್ಯವಾಗಿ ಬೇಕಾಗುವ ಶಿಕ್ಷಣ, ತರಬೇತಿಗಳನ್ನು. ಅಪಾಯವೂ ಅಭಾವವೂ ಅದರ ಲೆಕ್ಕಕ್ಕೆ ಬರುವುದಿಲ್ಲ. ತೋಟಗಾರರು ಕೊನೆಗಾರರಿಗೆ ಕೊಡುವ ಕೂಲಿ ಮಾತ್ರ ಬೇರೆಯೇ ಲೆಕ್ಕ ಹೇಳುತ್ತದೆ.

ಇರುವ ದತ್ತಾಂಶದಿಂದ ಏನು ಮಾಡಬಹುದು

ಪ್ರಕಟಿತ ಕೋಷ್ಟಕದಲ್ಲಿ ಮರೆಯಾದ ಬೀಡಿ ಕೆಲಸಗಾರರನ್ನು ಸಮೀಕ್ಷೆಯ ಮೂಲ ದತ್ತಾಂಶದಿಂದ ಬಹುಮಟ್ಟಿಗೆ ಹೊರತರಬಹುದು, ಏಕೆಂದರೆ ಸಾಮಾನ್ಯ ಸ್ಥಿತಿಯಲ್ಲಿ ಉದ್ದಿಮೆಯ ಸಂಕೇತವನ್ನು ಐದಂಕಿಯವರೆಗೆ ಬರೆದುಕೊಳ್ಳುತ್ತಾರೆ. 2008ರ ಉದ್ದಿಮೆ ವರ್ಗೀಕರಣದಲ್ಲಿ ಬೀಡಿ ತಯಾರಿಕೆಗೆ 12002 ಎಂಬ ತನ್ನದೇ ಸಂಕೇತವಿದೆ. 12002 ಮತ್ತು 751 ಎರಡೂ ಇರುವವರನ್ನು ಆರಿಸಿಕೊಂಡರೆ ಬೇಕರಿಯವರೂ ಮಾಂಸದಂಗಡಿಯವರೂ ಹೊರಗುಳಿದು ಬೀಡಿ ಕಟ್ಟುವವರು ಉಳಿಯುತ್ತಾರೆ. ಅದಕ್ಕೆ ಸ್ಥಿತಿ ಸಂಕೇತ 11 ಮತ್ತು 21ನ್ನೂ, ಕೆಲಸದ ಜಾಗ ಸ್ವಂತ ಮನೆ ಎಂಬುದನ್ನೂ ಸೇರಿಸಿದರೆ ಮನೆಯಲ್ಲಿ ಕುಳಿತು ಕಟ್ಟುವವರ ಅಂದಾಜು ಸಿಗುತ್ತದೆ. ಹೀಗೆ ಆರಿಸುವಾಗ ಪ್ರಧಾನ ಸ್ಥಿತಿಯ ಅಂಕಣಗಳನ್ನು ಮಾತ್ರವಲ್ಲದೆ ಉಪ ಸ್ಥಿತಿಯ ಅಂಕಣಗಳನ್ನೂ ಪ್ರತ್ಯೇಕವಾಗಿ ಹುಡುಕಬೇಕು. ಪ್ರಧಾನ ಸ್ಥಿತಿಯಲ್ಲಿ ತೋಟದ ಕೂಲಿ ಎಂದಿದ್ದು, ಮಳೆಗಾಲದಲ್ಲಿ ಮಾತ್ರ ಬೀಡಿ ಕಟ್ಟುವ ಹೆಂಗಸು ಎರಡನ್ನೂ ಸೇರಿಸಿದ ಕೋಷ್ಟಕದಲ್ಲೂ 921 ಆಗಿಯೇ ಎಣಿಕೆಯಾಗುತ್ತಾರೆ. ಇನ್ನೊಂದು ಎಚ್ಚರ ಮಾದರಿಯ ಗಾತ್ರದ್ದು. ಇಡೀ ದೇಶದಿಂದ ವರ್ಷಕ್ಕೆ ಸುಮಾರು ಒಂದು ಲಕ್ಷ ಮನೆಗಳನ್ನು ನೋಡುತ್ತಿದ್ದ ಸಮೀಕ್ಷೆಯಲ್ಲಿ ಒಂದು ಜಿಲ್ಲೆಯ ಒಂದು ವೃತ್ತಿಗೆ ಸಿಗುವ ಮನೆಗಳು ಬೆರಳೆಣಿಕೆಯವು. ಅವುಗಳ ಮೇಲೆ ಜಿಲ್ಲೆಯ ಸಂಖ್ಯೆ ಕಟ್ಟಬಾರದು. 2025ರ ಜನವರಿಯಿಂದ ಮಾದರಿಯನ್ನು ಹಿಗ್ಗಿಸಿದ್ದಾರಾದರೂ ಇಷ್ಟು ಸಣ್ಣ ಗುಂಪಿಗೆ ಈ ಮಿತಿ ಹಾಗೆಯೇ ಇದೆ.

ಸ್ಥಿತಿಯ ತೊಡಕನ್ನು ಬಿಡಿಸುವುದಕ್ಕೂ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. 1999-2000ರ 55ನೇ ಸುತ್ತಿನ ನಮೂನೆಯಲ್ಲಿ ಸ್ವ ಉದ್ಯೋಗಿಗಳಿಗೆಂದೇ ಕೆಲವು ಪ್ರಶ್ನೆಗಳಿದ್ದವು: ಪದಾರ್ಥ ಹೀಗೆಯೇ ಇರಬೇಕೆಂದು ಬೇರೆಯವರು ಹೇಳಿಕೊಡುತ್ತಾರೆಯೇ, ಕಚ್ಚಾ ಮಾಲು ಯಾರದು, ಹಣ ಸಿಗುವುದು ಎಣಿಕೆಯ ಮೇಲೆಯೇ. 2017ರಲ್ಲಿ ಪಿಎಲ್‌ಎಫ್‌ಎಸ್ ಶುರುವಾದಾಗ ಅದರ ನಮೂನೆಗೆ ಇವು ಬರಲಿಲ್ಲ. ನಮ್ಮ ಪ್ರಕರಣದ ಸೊಸೆಗೆ ಈ ಮೂರು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಒಂದು ನಿಮಿಷವೂ ಬೇಡ. ಎಲೆ ಬ್ರಾಂಚಿನದು, ಅಳತೆ ಬ್ರಾಂಚಿನದು, ದುಡ್ಡು ಸಾವಿರದ ಲೆಕ್ಕದಲ್ಲಿ. ಆ ಉತ್ತರಗಳನ್ನು ಬರೆದುಕೊಂಡರೆ ಸ್ಥಿತಿ ಸಂಕೇತ 11 ಎಂದೇ ಉಳಿದರೂ, ಅಂಗಡಿಯ ಒಡತಿಯಿಂದ ಬೀಡಿ ಕಟ್ಟುವವರನ್ನು ಬೇರ್ಪಡಿಸಲು ಸಂಶೋಧಕರಿಗೆ ದಾರಿಯಿರುತ್ತದೆ, ಭವಿಷ್ಯನಿಧಿಯ ಪ್ರಶ್ನೆಯನ್ನು ಅವರಿಗೂ ಕೇಳಲು ನಮೂನೆಯಲ್ಲಿ ಜಾಗವಾಗುತ್ತದೆ.